ಕೇಳಲಿಲ್ಲ, ಅವರೇ ಕೊಟ್ಟರು

ಈ ಸಲ ಬಂದ ಕಾಗದಗಳಲ್ಲಿ ಒಂದನ್ನು ಓದಿ ಎರಡು ದಿನ ಸುಮ್ಮನೆ ಇಟ್ಟುಕೊಂಡೆ. ಬರೆದವರು ನಿಮ್ಮ ನನ್ನಂತೆ ಸಣ್ಣ ಊರಿನ ಗೃಹಿಣಿ. ತಮ್ಮ ಸಭೆಯಲ್ಲಿ ಸ್ತ್ರೀಯರ ಪ್ರಾರ್ಥನಾ ಕೂಟ ನಡೆಸುವವರು. ಮಗನಿಗೆ ಒಳ್ಳೆಯ ಕೆಲಸವಾಗಿದೆ, ಹೆಣ್ಣೂ ಗೊತ್ತಾಗಿದೆ. "ಅಕ್ಕಾ, ನಾವು ಒಂದು ಪೈಸೆ ಕೇಳಿಲ್ಲ. ಕಾರು ಕೊಡ್ತೀವಿ, ಚಿನ್ನ ಹಾಕ್ತೀವಿ ಅಂತ ಅವರೇ ಹೇಳ್ತಿದ್ದಾರೆ. ಬೇಡ ಅಂದ್ರೆ ಅವರಿಗೆ ಅವಮಾನ ಮಾಡಿದ ಹಾಗೆ ಅಂತಾರೆ ನಮ್ಮ ಯಜಮಾನರು. ಕೇಳದೆ ಬಂದದ್ದನ್ನ ತಗೊಂಡ್ರೆ ತಪ್ಪಾ?" ಎಂದು ಕೇಳಿದ್ದಾರೆ.

ಉತ್ತರ ಹೇಳುವ ಮೊದಲು ನನ್ನ ತವರಿನ ಸಂಗತಿ ಹೇಳಿಬಿಡುತ್ತೇನೆ.

ನನ್ನ ಅಣ್ಣನ ಮದುವೆಯ ಮಾತುಕತೆಗೆ ನಾನೂ ಹೋಗಿದ್ದೆ. ಹೆಣ್ಣಿನ ತಂದೆ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ನಮ್ಮಮ್ಮ ಬಹಳ ಭಕ್ತಿವಂತೆ, ಪ್ರಾರ್ಥನೆ ಮಾಡದೆ ತುತ್ತು ಬಾಯಿಗಿಡುತ್ತಿರಲಿಲ್ಲ. ಆ ದಿನ ಅಮ್ಮ ಹೇಳಿದ್ದು ಒಂದೇ ಮಾತು: "ನಮಗೇನೂ ಬೇಡ. ನಿಮ್ಮ ಮಗಳಿಗೆ ನೀವೇನು ಮಾಡ್ತೀರೋ ಅದು ನಿಮ್ಮಿಷ್ಟ." ಈ ಮಾತಿನ ಅರ್ಥ ನಿಮಗೆ ಗೊತ್ತಲ್ಲ? ಅವರಿಗೂ ಗೊತ್ತಿತ್ತು. ಬೀರು ಬಂತು, ಫ್ರಿಜ್ಜು ಬಂತು, ಅಣ್ಣನಿಗೆ ವರೋಪಚಾರ ಅಂತ ಸ್ಕೂಟರ್ ಬಂತು. ಪಾದ್ರಿಯವರ ಮುಂದೆ ಹಣದ ಮಾತೇ ಬರಲಿಲ್ಲ. ಮೂರು ಭಾನುವಾರ ಮದುವೆಯ ಪ್ರಕಟಣೆ ಓದಿ, "ಯಾರಿಗಾದರೂ ಅಡ್ಡಿ ಇದೆಯೇ" ಎಂದು ಸಭೆಯನ್ನು ಕೇಳಿದರು. ಯಾರಿಗೂ ಇರಲಿಲ್ಲ.

ಅದೇ ವರ್ಷ ಪಕ್ಕದ ಮನೆಯಾಕೆ, "ನಿಮ್ಮ ಕ್ರೈಸ್ತರಲ್ಲಿ ವರದಕ್ಷಿಣೆ ಇಲ್ಲವಂತೆ, ಎಷ್ಟು ಚೆನ್ನ ಅಲ್ವೇನ್ರೀ" ಅಂದರು. ನಾನು ಹೂಂ ಅಂದೆ.

ಹನ್ನೊಂದು ವರ್ಷ ಕಳೆದ ಮೇಲೆ ಒಂದು ಬೇಸಿಗೆಯಲ್ಲಿ ಅತ್ತಿಗೆಯೂ ನಾನೂ ಹಪ್ಪಳ ಒತ್ತುತ್ತಿದ್ದೆವು. ಅದೂ ಇದೂ ಮಾತಾಡುತ್ತಾ ಅತ್ತಿಗೆ ಮೆಲ್ಲಗೆ ಹೇಳಿದರು: "ನನ್ನ ತಂಗಿ ಕಾಲೇಜು ಬಿಟ್ಟದ್ದು ಈ ಸ್ಕೂಟರಿನಿಂದ." ಅವಳ ಫೀಸಿಗೆಂದು ಇಟ್ಟಿದ್ದ ಹಣ ಅದು. ಅತ್ತಿಗೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಅಮ್ಮ ಒಳಗಡೆ ಇದ್ದರು, ಕೇಳಿಸಿಕೊಂಡರು. ಆಮೇಲೆ ಆ ಫ್ರಿಜ್ಜಿನಲ್ಲಿಟ್ಟ ನೀರನ್ನು ಅಮ್ಮ ಕುಡಿಯಲಿಲ್ಲ. ಮಣ್ಣಿನ ಹೂಜಿ ತರಿಸಿಕೊಂಡರು. ಅದರಿಂದ ಆ ತಂಗಿಯ ಓದು ಮರಳಿ ಬರಲಿಲ್ಲ ಅನ್ನಿ.

ಹಾಗಾಗಿ, ಸೋದರಿ, "ನಾವು ಕೇಳಿಲ್ಲ" ಅನ್ನುವ ಮಾತು ನನಗೆ ಸಾಕಾಗುವುದಿಲ್ಲ. ಕಾನೂನಿಗೂ ಸಾಕಾಗುವುದಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯನ್ನು 1984ರಲ್ಲೂ 1986ರಲ್ಲೂ ಬಿಗಿ ಮಾಡಿದರು. ತಗೊಳ್ಳುವುದೂ ಅಪರಾಧ, ಕೊಡುವುದೂ ಅಪರಾಧ. ಕೇಳದೆ ಬಂದ ಉಡುಗೊರೆಗೆ ವಿನಾಯಿತಿ ಇದೆ ನಿಜ. ಆದರೆ ಹೆಣ್ಣಿನ ಕಡೆಯವರು ಕೊಡುವುದು ವಾಡಿಕೆಯ ಉಡುಗೊರೆಯಾಗಿರಬೇಕು, ಕೊಡುವವರ ಶಕ್ತಿಗೆ ಮೀರಿರಬಾರದು. ಅದನ್ನೆಲ್ಲ ಪಟ್ಟಿ ಮಾಡಬೇಕು. ಯಾವ ವಸ್ತು, ಸುಮಾರು ಬೆಲೆ ಎಷ್ಟು, ಕೊಟ್ಟವರು ಯಾರು ಎಂದು ಬರೆದು ಗಂಡು ಹೆಣ್ಣು ಇಬ್ಬರೂ ಸಹಿ ಹಾಕಬೇಕು ಎಂದು 1985ರ ನಿಯಮ ಹೇಳುತ್ತದೆ. ನಿಮ್ಮ ಬಂಧುಗಳಲ್ಲಿ ಎಷ್ಟು ಮದುವೆಗಳಲ್ಲಿ ಈ ಪಟ್ಟಿ ಕಂಡಿದ್ದೀರಿ? ನಾನಂತೂ ಒಂದನ್ನೂ ಕಂಡಿಲ್ಲ. ಬರೆಯಲು ಕೂತರೆ ಕಾರಿನ ಬೆಲೆ ಬರೆಯುವಾಗ ಕೈ ನಡುಗುತ್ತದೆ, ಅದಕ್ಕೇ.

ಅಪೊಸ್ತಲರ ಕೃತ್ಯಗಳಲ್ಲಿ ಬರುವ ಅನನೀಯ, ಸಫೈರಳ ಕಥೆ ನಿಮ್ಮ ಕೂಟದಲ್ಲಿ ಓದಿರುತ್ತೀರಿ. ಗಂಡ ಹೆಂಡತಿ ಹೊಲ ಮಾರಿ, ಹಣದಲ್ಲಿ ಒಂದಿಷ್ಟು ಇಟ್ಟುಕೊಂಡು, ಪೂರ್ತಿ ಇಷ್ಟೇ ಅಂದರು. ಇಟ್ಟುಕೊಂಡದ್ದಕ್ಕೆ ಪೇತ್ರನ ಆಕ್ಷೇಪವಿರಲಿಲ್ಲ. ಇಟ್ಟುಕೊಂಡೇ ಇಲ್ಲ ಎಂಬ ಸುಳ್ಳಿಗೆ ಇತ್ತು. ಪೇತ್ರ ಹೆಂಡತಿಯನ್ನು ಬೇರೆಯಾಗಿ ಕೇಳುತ್ತಾನೆ ನೋಡಿ. "ಯಜಮಾನರು ಹೇಳಿದರು" ಅನ್ನುವ ನೆವ ಅಲ್ಲಿ ನಡೆಯಲಿಲ್ಲ.

"ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು ಕೊಡೋದಿಲ್ಲವಲ್ಲ, ಅದರ ಬದಲಿಗೆ ಇದು" ಎನ್ನುವವರೂ ಇದ್ದಾರೆ. ಕೇರಳದಲ್ಲಿ ಅದೇ ಕಾನೂನಾಗಿತ್ತು. 1916ರ ತಿರುವಾಂಕೂರು ಕಾಯ್ದೆಯ ಪ್ರಕಾರ ಕ್ರೈಸ್ತ ಮಗಳಿಗೆ ಮಗನ ಪಾಲಿನ ಕಾಲು ಭಾಗ ಇಲ್ಲವೇ 5,000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಮೇರಿ ರಾಯ್ ಎಂಬಾಕೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ಗೆದ್ದರು. ತವರಿನವರು, ಸಭೆಯವರು ಎಷ್ಟು ಮುನಿಸಿಕೊಂಡರೂ ಆಕೆ ಬಿಡಲಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ, ಕ್ರೈಸ್ತ ತಂದೆ ಉಯಿಲು ಬರೆಯದೆ ತೀರಿಕೊಂಡರೆ ಮಗನಿಗೂ ಮಗಳಿಗೂ ಸರಿಸಮ ಪಾಲು. ಹಾಗಿರುವಾಗ ಪಾಲಿನ ಬದಲು ಅನ್ನುವ ಮಾತೇ ಸುಳ್ಳು. ಕಾರು ಓಡಿಸುವವನು ಅಳಿಯ. ಮಗಳ ಹೆಸರಿನಲ್ಲಿ ಏನುಳಿಯಿತು? ಚಲ್ಪಹಾದನ ಐದು ಜನ ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ಕೇಳಿದ್ದು ಭೂಮಿಯ ಪಾಲನ್ನು, ಬೀರುವನ್ನಲ್ಲ.

ಈಗ ನಿಮ್ಮ ಕೆಲಸ. ಮೂರನೇ ಪ್ರಕಟಣೆ ಆಗುವುದರೊಳಗೆ ನೀವೂ ಯಜಮಾನರೂ ಮಗನನ್ನು ಕರೆದುಕೊಂಡು ಆ ಮನೆಗೆ ಹೋಗಿ. "ನಿಮ್ಮಿಷ್ಟ" ಎಂಬ ಮಾತು ಬಾಯಿಗೆ ಬರಬಾರದು. "ಕಾರು ಬೇಡ" ಎಂದು ಬಿಡಿಸಿ ಹೇಳಿ. ಮಗನ ಬಾಯಲ್ಲೇ ಹೇಳಿಸಿದರೆ ಇನ್ನೂ ಒಳ್ಳೆಯದು, ಅವರಿಗೆ ಆಗ ನಂಬಿಕೆ ಬರುತ್ತದೆ. ಮೊದಲು ಅವರು ನಗುತ್ತಾರೆ, ಉಪಚಾರಕ್ಕೆ ಹೇಳುತ್ತಿದ್ದೀರಿ ಅಂದುಕೊಳ್ಳುತ್ತಾರೆ. ಎರಡನೇ ಸಲ ಹೇಳಿ. ಅವಮಾನ ಆಗುತ್ತದೆಂಬ ಅಂಜಿಕೆ ಬೇಡ. ಅಡುಗೆಮನೆಗೆ ಹೋಗಿ ಹೆಣ್ಣಿನ ತಾಯಿಯ ಮುಖ ನೋಡಿ, ಅವಮಾನವೋ ಸಮಾಧಾನವೋ ತಿಳಿಯುತ್ತದೆ. ಮಗಳಿಗೆಂದು ಅಮ್ಮ ಒಂದು ಸರ, ಎರಡು ಬಳೆ ಹಾಕುತ್ತೇನೆ ಅಂದರೆ ತಡೆಯಬೇಡಿ. ಪಟ್ಟಿಯಲ್ಲಿ ಬರೆಸಿ, ಒಡವೆಯೂ ಬ್ಯಾಂಕಿನ ಲಾಕರೂ ಆಕೆಯ ಹೆಸರಿನಲ್ಲೇ ಇರಲಿ, ಕೀಲಿಕೈ ನಿಮ್ಮ ಸೊಂಟಕ್ಕೆ ಬೇಡ.

ಯಜಮಾನರು ಮುನಿಸಿಕೊಂಡಾರು. ನೆಂಟರು "ಹುಡುಗನಲ್ಲಿ ಏನೋ ಕುಂದಿದೆ, ಅದಕ್ಕೇ ಬೇಡ ಅಂತಾರೆ" ಎಂದು ಆಡಿಕೊಂಡಾರು. ಅದೂ ಆಗುತ್ತದೆ, ಮುಚ್ಚಿಡುವುದಿಲ್ಲ. ಆದರೂ ಹೋಗಿ ಬನ್ನಿ. ಆ ಹೆಣ್ಣಿಗೆ ತಂಗಿಯರಿದ್ದಾರೆಯೇ, ಏನು ಓದುತ್ತಿದ್ದಾರೆ ಎಂಬುದನ್ನೂ ವಿಚಾರಿಸಿಕೊಂಡು ನನಗೆ ಒಂದು ಕಾಗದ ಹಾಕಿ.