ಬೀಗ ಬಿದ್ದ ಬಂಗಲೆಗಳು

ಪರಂಗಿ ಅಧಿಕಾರಿಗಳ ವಾಸಕ್ಕೆಂದು ಕಟ್ಟಿದ ಹಳೆಯ ಬಂಗಲೆಗಳು ನಮ್ಮ ಜಿಲ್ಲಾ ಊರುಗಳಲ್ಲಿ ಇನ್ನೂ ಅಲ್ಲಲ್ಲಿ ನಿಂತಿವೆ. ದೊರೆಗಳು ಹೋದರು. ಕೆಲವು ಕಾಲ ಯಾವುದೋ ಕಚೇರಿ ಬಂದು ಕೂತಿತು, ಅದೂ ಹೊಸ ಕಟ್ಟಡಕ್ಕೆ ಹೋಯಿತು. ಉಳಿದದ್ದು ಬೀಗ, ಸೋರುವ ಮಾಡು, ಬಾವಲಿ. ಹತ್ತು ಮಳೆಗಾಲ ಹೀಗೆ ಕಳೆದ ಮೇಲೆ ಇಂಜಿನಿಯರ್ ಸಾಹೇಬರು ಬಂದು "ಶಿಥಿಲವಾಗಿದೆ, ಕೆಡವತಕ್ಕದ್ದು" ಎಂದು ಬರೆಯುತ್ತಾರೆ. ಶಿಥಿಲವಾಗಲು ಬಿಟ್ಟವರು ಯಾರೆಂದು ಆ ಕಡತದಲ್ಲಿ ಬರೆಯುವ ಪದ್ಧತಿಯಿಲ್ಲ!

ಪರಂಗಿಯವನ ಮನೆಯ ಮೇಲೆ ನಮಗೇಕೆ ಮೋಹ ಎಂದು ನಮ್ಮ ಗೆಳೆಯರಲ್ಲೇ ಕೆಲವರು ಕೇಳುತ್ತಾರೆ. ಕಲ್ಲು ಹೊತ್ತವರು, ಸುಣ್ಣ ಅರೆದವರು ಪರಂಗಿಯವರೇನು? ಕಟ್ಟಿದ ಹಣ ರೈತ ತೆತ್ತ ಕಂದಾಯದ್ದು. ಮನೆ ನಮ್ಮದೇ.

ಉಳಿಸುವುದು ಅಸಾಧ್ಯವೂ ಅಲ್ಲ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಹುಟ್ಟಿದ 'ಸನ್ನಿ ಸೈಡ್' ಬಂಗಲೆ ಬಹುಕಾಲ ಸಾರಿಗೆ ಕಚೇರಿಯಾಗಿತ್ತು. ದುರಸ್ತಿಯಾಗಿ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣರ ಮನೆಯನ್ನು 2011ರಲ್ಲಿ ಕೆಡವತೊಡಗಿದ್ದರು. ಜನ ಕೂಗೆಬ್ಬಿಸಿದ್ದರಿಂದ ಅದು ನಿಂತು, 2016ರಲ್ಲಿ ಸ್ಮಾರಕವಾಗಿ ತೆರೆಯಿತು. ಸಂತೋಷವೇ. ಆದರೆ ಪ್ರತಿ ಬಂಗಲೆಯಲ್ಲೂ ಜನರಲ್ಲರು, ಕಾದಂಬರಿಕಾರರು ಹುಟ್ಟಿ ಬೆಳೆದಿರುವುದಿಲ್ಲ. ಉಳಿದವುಗಳಲ್ಲಿ ಜನ ವಾಸಿಸಬೇಕು ಎಂಬುದು ನಮ್ಮ ವಾದ. ಹೊರ ಊರಿಂದ ಬಂದ ನರ್ಸುಗಳು, ಉಪಾಧ್ಯಾಯಿನಿಯರು, ಓದುವ ಹುಡುಗಿಯರು ಬಾಡಿಗೆ ಕೋಣೆಗಾಗಿ ಬೀದಿ ಬೀದಿ ಅಲೆಯುವಾಗ ಎಂಟು ಕೋಣೆಯ ಮನೆ ಬಾವಲಿಗೇಕೆ?

ದುರಸ್ತಿ ಮಾಡುವ ಬಗೆ ಮಾತ್ರ ತಿಳಿದಿರಬೇಕು. ಕಂಟ್ರಾಕ್ಟರು ಬಂದವನೇ ಸಿಮೆಂಟು ಬಳಿಯುತ್ತಾನೆ. ಸುಣ್ಣದ ಗಾರೆಯ ಗೋಡೆ ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟು ಬಿದ್ದರೆ ತೇವ ಒಳಗೇ ನಿಂತು, ಉಪ್ಪು ಒಸರಿ, ಇಟ್ಟಿಗೆ ಪುಡಿಯಾಗುತ್ತದೆ. ಸುಣ್ಣದ ಗೋಡೆಗೆ ಸುಣ್ಣವೇ ಬೇಕು. ಮೊದಲು ಮಾಡು, ಆಮೇಲೆ ಗೋಡೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹರಡಿದ ಹೆಂಚಿಗೆ ಒಂದು ಗುಣವುಂಟು: ಒಡೆದದ್ದನ್ನಷ್ಟೇ ತೆಗೆದು ಬೇರೊಂದು ಕೂಡಿಸಬಹುದು. ಗೆದ್ದಲು ತಿಂದ ತೊಲೆಯಲ್ಲೂ ಕೆಟ್ಟ ತುದಿಯನ್ನು ಕತ್ತರಿಸಿ, ಗಟ್ಟಿ ಮರ ಜೋಡಿಸುವ ಬಡಗಿಗಳು ಇನ್ನೂ ಇದ್ದಾರೆ. ಬಚ್ಚಲು, ಕಕ್ಕಸುಗಳನ್ನು ನಡುಮನೆಯ ಗೋಡೆ ಒಡೆದು ತುರುಕದೆ ಹಿಂದಿನ ಜಗಲಿಯ ಕಡೆಗೆ ಕಟ್ಟಲಿ. ನೀರಿನ ಕೊಳವೆ, ವಿದ್ಯುತ್ ತಂತಿ ಗೋಡೆಯ ಮೇಲೆಯೇ ಕಾಣುವಂತೆ ಹೋಗಲಿ. ಎತ್ತರದ ಮಾಡು, ದಪ್ಪ ಗೋಡೆ, ಮೇಲ್ಗಿಂಡಿಗಳಿರುವ ಮನೆಗೆ ಬೇಸಿಗೆಯಲ್ಲೂ ಯಂತ್ರದ ತಂಪು ಅಷ್ಟಾಗಿ ಬೇಡ.

ಹೊಸ ಕಟ್ಟಡದ ಹಣದಲ್ಲಿ ದೊಡ್ಡ ಪಾಲು ಸಿಮೆಂಟು, ಕಬ್ಬಿಣದ ಕಾರ್ಖಾನೆಗಳಿಗೆ ಸೇರುತ್ತದೆ. ದುರಸ್ತಿಯ ಹಣ ಗಾರೆಯವರ, ಬಡಗಿಗಳ ಕೈಗೆ ಕೂಲಿಯಾಗಿ ಬಂದು ಊರಿನ ಸಂತೆಯಲ್ಲೇ ಖರ್ಚಾಗುತ್ತದೆ. ಕೆಡವುವವರಿಗೆ ಇಷ್ಟು ಅವಸರವೇಕೆಂದು ಓದುಗರು ಊಹಿಸಬಲ್ಲರು.

ಲೋಕೋಪಯೋಗಿ ಇಲಾಖೆಯವರು ಬೀಗ ಬಿದ್ದ ಸರ್ಕಾರಿ ಬಂಗಲೆಗಳ ಪಟ್ಟಿಯನ್ನು ಜಿಲ್ಲಾ ಕಚೇರಿಯ ಗೋಡೆಗೆ ಹಚ್ಚಲಿ. ಕೆಡವಲು ಎಷ್ಟು, ದುರಸ್ತಿಗೆ ಎಷ್ಟು, ಅದರಲ್ಲಿ ಕೂಲಿ ಎಷ್ಟು ಎಂದು ಮೂರು ಕಲಮು ಬರೆಯಲಿ. ಬರೆದ ದಿನವೇ ನಾವು ಅದನ್ನು ಈ ಪುಟದಲ್ಲಿ ಅಚ್ಚು ಹಾಕುತ್ತೇವೆ.