ರಿಸಲ್ಟ್ ದಿನ ಶಾಲೆ ಬಾಗಿಲು ತೆಗೆದಿರಲಿ



ಎಸ್.ಎಸ್.ಎಲ್.ಸಿ. ಫಲಿತಾಂಶ ಈಗ ಮೊದಲು ಬರೋದು ಮೊಬೈಲಿಗೆ. ಹಿಂದೆ ಶಾಲೆಯ ಬೋರ್ಡಿನ ಮುಂದೆ ಎಲ್ಲರೂ ಒಟ್ಟಿಗೆ ನಿಂತು ನಂಬರು ಹುಡುಕುತ್ತಿದ್ದರಂತೆ. ಫೇಲಾದವರ ಹೆಗಲ ಮೇಲೆ ಕೈ ಹಾಕಲು ಪಕ್ಕದಲ್ಲಿ ಯಾರಾದರೂ ಇರುತ್ತಿದ್ದರು. ಈಗ ಹೊಲದ ಬದುವಿನಲ್ಲೋ ಮನೆಯ ಮೂಲೆಯಲ್ಲೋ ಒಬ್ಬರೇ ಕೂತು ನೋಡ್ತಾರೆ. ಐದು ನಿಮಿಷದೊಳಗೆ ಬೇರೆಯವರ 625ಕ್ಕೆ 600 ಸ್ಟೇಟಸ್‌ನಲ್ಲಿ ಬಂದು ನಿಲ್ಲುತ್ತೆ. ವರ್ಷವೆಲ್ಲಾ ನಮ್ಮನ್ನು ಮರೆತ ನೆಂಟರು ಆವತ್ತು ಮಾತ್ರ ನೆನಪು ಮಾಡ್ಕೊಂಡು "ಎಷ್ಟು ಬಂತು?" ಅಂತ ಕೇಳ್ತಾರೆ.

ಇಂಥ ದಿನಗಳಲ್ಲಿ ಕೆಲವರು ಜೀವವನ್ನೇ ಕಳೆದುಕೊಂಡ ಸುದ್ದಿ ಪೇಪರಿನಲ್ಲಿ ಓದಿದ್ದೇವೆ.

"ಎಲ್ಲಾ ಮೊಬೈಲಿಂದಲೇ, ಕಿತ್ಕೊಳ್ಳಿ" ಎಂಬ ಹಿರಿಯರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಬೇಜಾರಿನ ಒಂದು ವಿಡಿಯೋ ನೋಡಿದರೆ ಸಾಕು, ಅಂಥದ್ದೇ ಇನ್ನೂ ಹತ್ತು ತಾನಾಗಿ ಬರುತ್ತವೆ. ಲಂಡನ್ನಿನ ಮಾಲಿ ರಸೆಲ್ ಎಂಬ 14 ವರ್ಷದ ಹುಡುಗಿ 2017ರಲ್ಲಿ ತೀರಿಕೊಂಡಳು. ಅವಳು ಮೊಬೈಲಿನಲ್ಲಿ ನೋಡುತ್ತಿದ್ದ ಇಂಥ ಪೋಸ್ಟುಗಳಿಗೂ ಆ ಸಾವಿನಲ್ಲಿ ಪಾಲಿದೆ ಎಂದು 2022ರಲ್ಲಿ ಅಲ್ಲಿನ ವಿಚಾರಣಾಧಿಕಾರಿ ಹೇಳಿದರು.

ಆದರೆ ಕಿತ್ತುಕೊಂಡರೆ ಸಹಾಯ ಕೇಳೋ ದಾರಿಯೂ ಮುಚ್ಚಿಹೋಗುತ್ತೆ. 2022ರ ಅಕ್ಟೋಬರ್ 10ರಂದು ಸರ್ಕಾರ ಟೆಲಿ ಮಾನಸ್ ಶುರು ಮಾಡಿತು. ಇಡೀ ದೇಶದಲ್ಲಿ ಇದಕ್ಕೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ನಂಬರು 14416. ದುಡ್ಡಿಲ್ಲ, ರಾತ್ರಿ ಹಗಲೆನ್ನದೆ ಕನ್ನಡದಲ್ಲೇ ಮಾತಾಡಬಹುದು. ಅಜ್ಜಿಯ ಬಟನ್ ಫೋನೂ ಸಾಕು.

ಇನ್ನೊಂದು ಮಾತು. ಗ್ರೂಪಿನಲ್ಲಿ ಯಾರಾದರೂ "ನಾನಿದ್ದು ಏನು ಪ್ರಯೋಜನ" ಅಂತ ಬರೆದರೆ ನಾವು ನಗುವ ಮುಖ ಒತ್ತಿ ಸುಮ್ಮನಾಗ್ತೀವಿ. ಹಾಗೆ ಮಾಡಬೇಡಿ. ತಕ್ಷಣ ಅವರಿಗೆ ಫೋನು ಮಾಡಿ, ಸಾಧ್ಯವಾದರೆ ಮನೆಗೇ ಹೋಗಿ, ಏನಾಯ್ತು ಅಂತ ಕೇಳಿ. ಸಾಯೋ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳಿದರೂ ತಪ್ಪಿಲ್ಲ, ಕೇಳೋದರಿಂದ ಆ ಯೋಚನೆ ಹುಟ್ಟಲ್ಲ. "ಯಾರಿಗೂ ಹೇಳಬೇಡ" ಅಂದರೂ ಒಬ್ಬ ದೊಡ್ಡವರಿಗೆ ಹೇಳಲೇಬೇಕು. ಮಾತು ತಪ್ಪಿದೆ ಅಂತ ಅವರು ಕೋಪ ಮಾಡ್ಕೊಂಡರೆ ಮಾಡ್ಕೊಳ್ಳಲಿ.

ಒಮ್ಮೆ ಫೇಲಾದರೂ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಲು ಅವಕಾಶ ಇದೆ. ಇದು ನಮ್ಮಲ್ಲಿ ಎಷ್ಟು ಜನರ ಅಪ್ಪ ಅಮ್ಮನಿಗೆ ಗೊತ್ತು? ಗುರುಗಳು ಪೋಷಕರ ಸಭೆಯಲ್ಲಿ ದಯವಿಟ್ಟು ತಿಳಿಸಿ.

ಫಲಿತಾಂಶ ಬರುವಾಗ ಬೇಸಿಗೆ ರಜೆ ಇರುತ್ತೆ. ಆದರೂ ಆ ಒಂದು ದಿನ ಶಾಲೆಯ ಬಾಗಿಲು ತೆಗೆದು, ಮೇಷ್ಟ್ರೋ ಮೇಡಮ್ಮೋ ಒಬ್ಬರು ಇರಬೇಕೆಂದು ಕೇಳಿಕೊಳ್ಳುತ್ತೇನೆ. ಎಲ್ಲರೂ ಇಲ್ಲೇ ಬಂದು ನೋಡೋಣ. ಸಂಜೆವರೆಗೆ ಸ್ಟೇಟಸ್ ಬೇಡ. ಬರದೇ ಇದ್ದವರ ಮನೆಗೆ ಇಬ್ಬಿಬ್ಬರು ಹೋಗಿಬರೋಣ. ನಾನು ಬರ್ತೀನಿ, ಇನ್ಯಾರು ಬರ್ತೀರಿ, ಕೆಳಗೆ ಹೆಸರು ಬರೆಯಿರಿ.

– ಹತ್ತನೇ ತರಗತಿ ವಿದ್ಯಾರ್ಥಿನಿ