ನಿಶ್ಚಯಕ್ಕಾಗಿ ಕಾಯಬೇಕೆ?

2019ರ ಆಗಸ್ಟಿನಲ್ಲಿ ಬೆಳಗಾವಿ ಜಿಲ್ಲೆಯನ್ನು ಮುಳುಗಿಸಿದ ಮಹಾಪೂರದಲ್ಲಿ ಹವಾಮಾನ ಬದಲಾವಣೆಯ ಪಾಲೆಷ್ಟು ಎಂಬುದನ್ನು ವಿದ್ವಾಂಸರು ಸಾವಧಾನವಾಗಿ ಚರ್ಚಿಸಲಿ. ಆದರೆ ಅದೇ ಜಿಲ್ಲೆಯ ಪೀರನವಾಡಿಯ ಹೆದ್ದಾರಿಯಂಚಿನ ಅಂಗಡಿಯಲ್ಲಿ ತೂಗುವ ಬಾಳೆಗೊನೆಯ ಮೇಲೆ ಲಾರಿಯ ಹೊಗೆ ಮಸಿಯಾಗಿ ಕೂಡುವುದನ್ನೂ, ಬೆಳಗಾವಿ ನಗರದ ಕೊಳಚೆಯನ್ನು ಹೊತ್ತ ಬಳ್ಳಾರಿ ನಾಲಾ ಮಳೆಗಾಲದಲ್ಲಿ ಉಕ್ಕಿ, ವಡಗಾವಿ, ಶಹಾಪುರಗಳ ರೈತರು ನಾಟಿ ಮಾಡಿದ ಭತ್ತದ ಮೇಲೆ ಕಪ್ಪು ರಾಡಿಯನ್ನು ಹರಡುವುದನ್ನೂ ಕಂಡವರು, ಆ ಚರ್ಚೆ ಮುಗಿಯುವತನಕ ಕೈಕಟ್ಟಿ ಕುಳಿತಿರೋಣವೆಂದು ಹೇಗೆ ತಾನೇ ಹೇಳಿಯಾರು? ಗಂಭೀರ ಹಾನಿಯ ಭೀತಿಯಿರುವಲ್ಲಿ ವೈಜ್ಞಾನಿಕ ನಿಶ್ಚಯದ ಅಭಾವವು ವಿಳಂಬಕ್ಕೆ ನೆಪವಾಗಕೂಡದೆಂದು 1992ರ ರಿಯೊ ಘೋಷಣೆ ಸಾರಿತು. ಈ ಮುನ್ನೆಚ್ಚರಿಕೆಯ ತತ್ತ್ವವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ವೆಲ್ಲೂರಿನ ಚರ್ಮೋದ್ಯಮಗಳ ಪ್ರಕರಣದಲ್ಲಿ, ದೇಶದ ಕಾನೂನಿನ ಅಂಗವೆಂದೇ ಅಂಗೀಕರಿಸಿತು. ನಾಲೆಯ ಹೂಳೆತ್ತುವುದು, ಕೊಳಚೆಯನ್ನು ಶುದ್ಧೀಕರಿಸಿಯೇ ಹೊರಬಿಡುವುದು, ಇವು ಪೂರ ಬರಲಿ ಬಾರದಿರಲಿ ನಷ್ಟವಾಗದ ಕಾರ್ಯಗಳು. ಮುಂದಿನ ಮುಂಗಾರಿಗೆ ಮೊದಲೇ ಇವು ಆರಂಭವಾಗತಕ್ಕದ್ದು.